ಶೇವಂತಾ ಗುರುತು ಹಿಡಿದ ಪೊಟ್ಟಣ

ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ತೂಕ ಒಣದ್ರಾಕ್ಷಿಯ ಮೂರು ಬಾಕ್ಸಿನಷ್ಟು, ಅಂದರೆ ನಲವತ್ತೈದು ಕಿಲೋ. ಮಧ್ಯಾಹ್ನದ ರೊಟ್ಟಿ ತಿಂದು ಎದ್ದ ಮೇಲೆ ಒಂದರ್ಧ ಕಿಲೋ ಹೆಚ್ಚು ಹಿಡಿಯಬಹುದು. ವಯಸ್ಸು ಆಧಾರ್ ಕಾರ್ಡಿನ ಪ್ರಕಾರ ನಲವತ್ತೊಂಬತ್ತು, ಅವಳ ಬಾಯಿಯ ಪ್ರಕಾರ ಐವತ್ತೊಂದು, ಮೊಣಕಾಲಿನ ಪ್ರಕಾರ ಅರವತ್ತು. ಹಲ್ಲು ಪೂರ್ತಿ ಇವೆ. ಕನ್ನಡಕ ಇಲ್ಲ, ಬೇಕಾಗಿಯೂ ಇಲ್ಲ. ಕೈ ಸಣ್ಣವು, ಬೆರಳು ಉದ್ದ, ಉಗುರು ಸದಾ ಕತ್ತರಿಸಿದ್ದು. ಮಾತು ಮಾತ್ರ ತೂಕಕ್ಕೆ ಹಾಕಿದರೆ ಕಾಟಾ ಮುರಿಯುತ್ತದೆ. ಇಂಥವರನ್ನು ಮೊದಲ ನೋಟಕ್ಕೆ ಯಾವ ಮಾಲೀಕನೂ ಕೆಲಸಕ್ಕೆ ಕರೆಯುವುದಿಲ್ಲ. ಕರೆದವನು ಆಮೇಲೆ ಬಿಟ್ಟುಕೊಡುವುದಿಲ್ಲ.

ಕರೆದವನು ಕಾಗವಾಡದ ಒಣದ್ರಾಕ್ಷಿ ವ್ಯಾಪಾರಿ ಮಹಾವೀರ. ಇದನ್ನು ಬರೆಯುತ್ತಿರುವವನೂ ಅವನೇ. ಆದರೆ ‘ನಾನು, ನಾನು’ ಎಂದು ಶುರು ಮಾಡಿದರೆ ದಲ್ಲಾಳಿಯ ಭಾಷಣವಾಗುತ್ತದೆ. ಹಾಗಾಗಿ ಅವನೂ ಎಲ್ಲರಂತೆ ಹೆಸರಿನಲ್ಲೇ ಬಂದು ಹೋಗಲಿ.

ಶೇವಂತಾ ಶಿರಗುಪ್ಪಿಯವಳು. ಗಂಡ ವಿಶ್ವಾಸ ಟೆಂಪೋ ಓಡಿಸುತ್ತಾನೆ. ಒಬ್ಬಳೇ ಮಗಳು ಸಪನಾ, ಮಿರಜಿನ ಒಂದು ದವಾಖಾನೆಯಲ್ಲಿ ಲ್ಯಾಬ್ ಟೆಕ್ನೀಶಿಯನ್. ಹತ್ತೊಂಬತ್ತು ವರ್ಷಗಳಿಂದ ಶೇವಂತಾ ಮಹಾವೀರನ ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುತ್ತಿದ್ದಾಳೆ. ಸುರುವಿಗೆ ಕಡ್ಡಿ ಕೀಳುವ ಕೂಲಿ, ಈಗ ಮೂವತ್ತು ಹೆಣ್ಣುಮಕ್ಕಳ ಮೇಲೆ ಮುಖ್ಯಸ್ಥೆ. ಬಡ್ತಿ ಯಾರೂ ಕೊಟ್ಟದ್ದಲ್ಲ. ಒಂದು ದಿನ ಅವಳು ಬಾಗಿಲ ಬದಿಯ ಜಾಗಕ್ಕೆ ಹೋಗಿ ಕುಳಿತಳು, ಯಾರೂ ಏಳು ಅನ್ನಲಿಲ್ಲ, ಅಷ್ಟೇ.

ಅವಳ ಕೆಲಸದ ರೀತಿ ಹೇಳಬೇಕು. ರೈತರು ಮಾಲು ತಂದಾಗ ಮೊದಲು ಒಂದು ತಾಟಿನಲ್ಲಿ ಸ್ಯಾಂಪಲ್ ಹಿಡಿಯುತ್ತಾರೆ. ಹಸಿರು ಹೊಳಪಿನ, ಒಂದೇ ಅಳತೆಯ, ಮದುಮಗಳಂತೆ ಸಿಂಗರಿಸಿದ ಕಾಳು. ಮಹಾವೀರ ಅದನ್ನು ನೋಡಿ, ಮೂಸಿ, ಎರಡು ಬಾಯಿಗೆ ಹಾಕಿಕೊಂಡು ತಲೆದೂಗುತ್ತಾನೆ. ಶೇವಂತಾ ತಾಟಿನ ಕಡೆ ನೋಡುವುದೇ ಇಲ್ಲ. ಬಾಕ್ಸಿನ ಹೊರಮೈ ಮುಟ್ಟುತ್ತಾಳೆ, ಕಟ್ಟಿದ ದಾರ ನೋಡುತ್ತಾಳೆ, ಮೂಲೆಯಲ್ಲಿ ಅಂಟಿದ ಒಂದು ಕಾಳನ್ನು ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿಯುತ್ತಾಳೆ.

ಒಮ್ಮೆ ಅಥಣಿ ಕಡೆಯ ಒಬ್ಬ ರೈತ ಐವತ್ತು ಬಾಕ್ಸು ಇಳಿಸಿ ಮೀಸೆ ತಿರುವುತ್ತ ನಿಂತಿದ್ದ. ಮಹಾವೀರ ದರ ಒಪ್ಪಿದ್ದ. ಶೇವಂತಾ ಹನ್ನೊಂದನೆಯ ಬಾಕ್ಸಿನ ಮೇಲೆ ಕೈಯಿಟ್ಟಳು.

“ಕಾಕಾ, ಇದೊಂದು ನಿಮ್ಮ ಮನಿದಲ್ಲ.”

“ಏನ ಬೇ, ನನ್ನ ಹೊಲದ್ದs ಮಾಲು, ನನಗs ಹೇಳ್ತಿ?”

“ನೀವು ನೆಳ್ಳಾಗ ಒಣಗಿಸೀರಿ, ಕಾಳು ಕುಂತಾವ. ಇದು ಬಿಸಲಾಗ ಓಡಿ ಬಂದೈತಿ, ನೋಡ್ರಿ, ಇನ್ನಾ ದಮ್ಮು ಬಡ್ಯಾಕತ್ತೈತಿ.”

ಬಾಕ್ಸು ಬಿಚ್ಚಿದರು. ಮೇಲಿನ ಮೂರು ಬೆರಳು ದಪ್ಪ ಅವನದು, ಕೆಳಗೆಲ್ಲ ಭಾವಮೈದುನನದು. ರೈತ ಮೀಸೆ ಇಳಿಸಿ, “ತಂಗಿ, ನೀ ಪೊಲೀಸ ಆಗಬೇಕಿತ್ತ ನೋಡು” ಎಂದ. “ಎತ್ತರ ಕಡಿಮಿ ಬಿತ್ರಿ ಕಾಕಾ,” ಎಂದು ಶೇವಂತಾ ಮುಂದಿನ ಬಾಕ್ಸಿಗೆ ಹೋದಳು. ಆಗಲೇ ದರ ಒಪ್ಪಿಕೊಂಡಿದ್ದ ಮಹಾವೀರನ ಕಡೆ ಅವಳು ನೋಡಲಿಲ್ಲ. ನೋಡದೇ ಇದ್ದುದೇ ಅವನಿಗೆ ಹೆಚ್ಚು ತಾಗಿತು.

ಹೋದ ವರ್ಷ ಮಾರ್ಚಿನಲ್ಲಿ ಸಪನಾಳ ದವಾಖಾನೆಯವರು ಹಳ್ಳಿ ಹೆಣ್ಣುಮಕ್ಕಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರಿನ ತಪಾಸಣೆ ಮಾಡಲು ಹೊರಟರು. ಡಾಕ್ಟರರ ಮುಂದೆ ಮಲಗುವ ಗೊಡವೆ ಇಲ್ಲ. ಒಂದು ಸಣ್ಣ ಬ್ರಷ್ಷು, ಒಂದು ನಳಿಗೆ. ಹೆಣ್ಣುಮಗಳು ಬಚ್ಚಲಿಗೆ ಹೋಗಿ ತಾನೇ ಸ್ಯಾಂಪಲ್ ತೆಗೆದು, ನಳಿಗೆಗೆ ಹಾಕಿ, ಮುಚ್ಚಿ ಕೊಟ್ಟರೆ ಸಾಕು. ಪ್ರತಿ ನಳಿಗೆಯ ಮೇಲೆ ಮೊದಲೇ ಹೆಸರು, ನಂಬರು ಬರೆದಿರುತ್ತದೆ. ಅದರಲ್ಲಿ ಒಂದು ವೈರಸ್ಸು ಇದೆಯೋ ಇಲ್ಲವೋ ಎಂದು ಲ್ಯಾಬಿನಲ್ಲಿ ನೋಡುತ್ತಾರೆ.

ಸಪನಾ ಶೆಡ್ಡಿಗೆ ಬಂದು ಇಷ್ಟು ಹೇಳಿದಾಗ ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.

“ಬ್ರಷ್ಷs? ಹಲ್ಲಿಗೆ ಹಚ್ಚೂದರಾಗs ನಮಗ ಬ್ಯಾಸರ ಐತಿ, ತಾಯಿ!” ಎಂದಳು ಒಬ್ಬಳು. ನಗು ಶೆಡ್ಡಿನ ತಗಡಿನ ಪತ್ರಾಸಿಗೆ ಬಡಿಯಿತು. ಮಹಾವೀರ ಕೆಮ್ಮಿ, ಇಲ್ಲದ ಫೋನ್ ಬಂತೆಂದು ಕಿವಿಗೆ ಹಚ್ಚಿಕೊಂಡು ಹೊರಗೆ ಹೋದ.

ಶೇವಂತಾ ಎದ್ದು ನಿಂತಳು. “ನಕ್ಕಿದ್ದು ಸಾಕು. ಮಾಲಿನ ಸ್ಯಾಂಪಲ್ ತಗಿಯೋ ಕೈ ಅದಾವ ಇವು. ನಾ ಮೊದಲ ಕೊಡ್ತೇನಿ.” ಕೊಟ್ಟಳು. ಅವಳ ಹಿಂದೆ ಉಳಿದವರು.

ಒಂದು ನಳಿಗೆ ಉಳಿಯಿತು. ಅದು ಅಕ್ಕುತಾಯಿಯದು. ಬೆಳಿಗ್ಗೆ ಮಹಾವೀರನ ಮನೆಯಲ್ಲಿ ಕಸ-ಮುಸುರೆ, ಮಧ್ಯಾಹ್ನ ಶೆಡ್ಡಿನಲ್ಲಿ ಕಡ್ಡಿ ಕೀಳುವುದು ಅವಳ ಕೆಲಸ. ಆವತ್ತು ಸದಲಗಾದ ಮಗಳ ಮನೆಗೆ ಹೋಗಿದ್ದಳು. ಶೇವಂತಾ ಆ ನಳಿಗೆಯ ಪಾಕೀಟನ್ನು ಮನೆಗೆ ಒಯ್ದು ಮಹಾವೀರನ ಹೆಂಡತಿ ತ್ರಿಶಲಾಳ ಕೈಗೆ ಕೊಟ್ಟಳು. “ವೈನಿ, ಅಕ್ಕುಅತ್ತಿ ನಾಳಿ ಮುಂಜಾನಿ ಕಸಕ್ಕ ಬಂದಾಗ ಕೊಡ್ರಿ. ಹೆಂಗ ತಗೀಬೇಕಂತ ಚೀಟಿ ಮ್ಯಾಲ ಚಿತ್ರ ಐತಿ.”

ತ್ರಿಶಲಾ ಅದನ್ನು ಎರಡು ಬೆರಳಲ್ಲಿ ಹಿಡಿದು, “ಇಟ್ಟು ಹೋಗು” ಎಂದಳು.

“ನಿಮಗೂ ಒಂದು ತರ್ಲ್ಯಾ ವೈನಿ?”

“ನನಗ್ಯಾಕ ಬೇ?”

ಮರುದಿನ ಶೆಡ್ಡಿನ ಬುಟ್ಟಿಯಲ್ಲಿ ಮೂವತ್ತು ಪ್ಲಾಸ್ಟಿಕ್ ಪಾಕೀಟುಗಳ ಮೇಲೆ ಒಂದು ಬಿಳಿ ಕಾಗದದ ಪೊಟ್ಟಣ ಕುಳಿತಿತ್ತು. ಶೇವಂತಾ ನೋಡಿದಳು. ಆ ಮಡಿಕೆ ಗೊತ್ತಿದ್ದದ್ದೇ. ನಿಪ್ಪಾಣಿ, ಸಾಂಗಲಿಯ ಗಿರಾಕಿಗಳಿಗೆ ಪಾವು ಕಿಲೋ ಸ್ಯಾಂಪಲ್ ಕಳಿಸುವ ಪೊಟ್ಟಣಗಳನ್ನು ಇಪ್ಪತ್ತು ವರ್ಷಗಳಿಂದ ತ್ರಿಶಲಾಳೇ ಮಡಚುತ್ತಾಳೆ. ಎಡಗೈಯವಳಾದ್ದರಿಂದ ಕೊನೆಯ ತುದಿ ಎಲ್ಲರಂತೆ ಬಲಕ್ಕಲ್ಲ, ಎಡಕ್ಕೆ ಒಳಸೇರುತ್ತದೆ. ಪಾಪ, ವೈನಿ ಮರ್ಯಾದೆಗೆಂದು ಅಕ್ಕುಅತ್ತಿಯದನ್ನು ಕಾಗದದಲ್ಲಿ ಸುತ್ತಿ ಕಳಿಸಿದ್ದಾರೆ ಎಂದುಕೊಂಡು ಶೇವಂತಾ ಬುಟ್ಟಿಯನ್ನು ವಿಶ್ವಾಸನ ಟೆಂಪೋಕ್ಕೆ ಇಟ್ಟಳು.

ಮೂರು ವಾರದ ಮೇಲೆ ಅಕ್ಕುತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶೆಡ್ಡಿನ ಹಿಂದಿನ ಬೇವಿನ ಗಿಡದ ಕೆಳಗೆ ಶೇವಂತಾಳನ್ನು ಹಿಡಿದು ನಿಲ್ಲಿಸಿದಳು.

“ನಿನ್ನ ಮಗಳಿಗೆ ಹೇಳು, ನನ್ನ ಹೆಸರು ತಗೀ ಅಂತ! ದವಾಖಾನಿಯಿಂದ ಫೋನ್ ಮಾಡ್ಯಾರ. ಅಜ್ಜಿ, ಶುಕ್ರವಾರ ಮಿರಜಿಗೆ ಬರ್ರಿ, ಇನ್ನೊಮ್ಮೆ ತಪಾಸಣಿ ಮಾಡಬೇಕು ಅಂತಾರ. ಏನ್ ಇನ್ನೊಮ್ಮೆ? ಒಮ್ಮೆ ಆಗಿದ್ದು ಯಾವಾಗ?”

“ನೀ ಕೊಟ್ಟಿದ್ದಿಯಲ್ಲ ಅತ್ತಿ, ನಳಿಗಿ?”

“ಯಾವ ನಳಿಗಿ? ನಾ ಸದಲಗಾದಿಂದ ಬಂದಾಗ ನನಗ ಯಾರೂ ಏನೂ ಕೊಟ್ಟಿಲ್ಲ. ಅರವತ್ತು ದಾಟಿದಾಕಿ, ನನಗ ಯಾರು ಬ್ರಷ್ಷ ಕೊಡ್ತಾರ? ಬೇಕಾದ್ರ ದೇವರ ಮ್ಯಾಲ ಕೈ ಇಡ್ತೇನಿ.”

ಶೇವಂತಾಳ ಬಾಯಿ ಮುಚ್ಚಿತು. ಇದು ದಾಖಲಿಸಬೇಕಾದ ಸಂಗತಿ. ಕಣ್ಣಿಗೆ ಮಾತ್ರ ಆ ಬಿಳಿ ಪೊಟ್ಟಣ ಮತ್ತೆ ಬಂತು, ಎಡಕ್ಕೆ ಸೇರಿದ ತುದಿ ಸಮೇತ. ಅಕ್ಕುತಾಯಿ ಕೊಟ್ಟಿಲ್ಲ. ನಳಿಗೆ ಹೋಗಿದೆ. ನಳಿಗೆ ಇದ್ದದ್ದು ಒಂದೇ ಮನೆಯಲ್ಲಿ.

ಕಾಗವಾಡದ ಬಜಾರು ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಹಳೇ ಮಾಲು ಉಳಿದರೆ ವ್ಯಾಪಾರಿ ಅದನ್ನು ಬೇರೊಬ್ಬರ ಮಾರ್ಕು ಹಚ್ಚಿ ಲಿಲಾವಿಗೆ, ಅಂದರೆ ಹರಾಜಿಗೆ, ಕಳಿಸುವುದುಂಟು. ಚೆನ್ನಾಗಿ ಹೋದರೆ ಸರಿ. ಯಾರಾದರೂ ಮೂಗು ಮುರಿದರೆ ತನ್ನ ಅಂಗಡಿಯ ಹೆಸರಿಗೆ ಮಸಿ ಇಲ್ಲ. ಒಳ್ಳೆಯ ರೂಢಿಯಲ್ಲ, ಆದರೆ ರೂಢಿ. ಮಹಾವೀರನೂ ಮಾಡಿದ್ದಾನೆ, ಆ ಮಾರ್ಕುಗಳನ್ನು ಅಂಟಿಸಿದ್ದು ತ್ರಿಶಲಾಳೇ. ಮೈಯೊಳಗಿನ ಹೆದರಿಕೆಯನ್ನೂ ಅವಳು ಅದೇ ಪ್ರಕಾರ ಅಕ್ಕುತಾಯಿಯ ಮಾರ್ಕಿನ ಮೇಲೆ ಕಳಿಸಿಬಿಟ್ಟಿದ್ದಳು. ಸರಿಯಿದ್ದರೆ ಒಳಗೊಳಗೇ ಸಮಾಧಾನ. ಇಲ್ಲದಿದ್ದರೆ ಹೇಗೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ದವಾಖಾನೆ ಈಗ ಅಕ್ಕುತಾಯಿಯನ್ನು ಕರೆಯುತ್ತಿತ್ತು. ಹೋಗಬೇಕಾದವಳು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು.

ಶೇವಂತಾ ಮಗಳಿಗೆ ಫೋನ್ ಮಾಡಿದಳು. “ಅಕ್ಕುಅತ್ತಿ ನಳಿಗ್ಯಾಗ ಏನ್ ಬಂದೈತಿ?”

“ಅವ್ವಾ, ಅದನ್ನ ನಿನಗ ಹೇಳಾಕ ಬರಂಗಿಲ್ಲ.”

“ಅಕ್ಕುಅತ್ತಿದಲ್ಲ ಅದು. ಈಗರs ಹೇಳ್ತಿಯಿಲ್ಲ?”

ಆ ಕಡೆ ಸಪನಾ ಬಾಗಿಲು ಮುಚ್ಚಿದ ಸದ್ದು ಕೇಳಿತು. “ಯಾರದರ ಇರಲಿ ಅವ್ವಾ, ಆಕಿ ಈ ಶುಕ್ರವಾರ ಬರಬೇಕು. ಡಾಕ್ಟರಬಾಯಿ ತಿಂಗಳಿಗೊಮ್ಮೆ ಬರ್ತಾರ. ತಡಾ ಮಾಡಬಾರದು. ಇಷ್ಟs ಹೇಳ್ತೇನಿ.”

ಆವತ್ತು ಮಂಗಳವಾರ. ಶೇವಂತಾಳ ಮುಂದೆ ಎರಡು ದಾರಿ. ಮಹಾವೀರನಿಗೆ ಹೇಳಿದರೆ ತ್ರಿಶಲಾ ಜೀವಮಾನವಿಡೀ ಮುಖ ಎತ್ತುವುದಿಲ್ಲ. ತ್ರಿಶಲಾಳನ್ನೇ ಕೇಳಿ, ಊಹೆ ತಪ್ಪಾದರೆ, ಹತ್ತೊಂಬತ್ತು ವರ್ಷದ ಬಾಗಿಲ ಬದಿಯ ಜಾಗ ಹೋಯಿತು. ಬುಧವಾರ ಬೆಳಿಗ್ಗೆ ಸ್ಯಾಂಪಲ್ ಪೊಟ್ಟಣ ಕಟ್ಟುವ ನೆಪದಲ್ಲಿ ಅವಳು ಮನೆಯ ಪಡಸಾಲೆಗೆ ಹೋಗಿ ತ್ರಿಶಲಾಳ ಎದುರು ಕುಳಿತಳು. ಒಬ್ಬಳು ತೂಗುವುದು, ಒಬ್ಬಳು ಮಡಚುವುದು.

“ಅಕ್ಕುಅತ್ತಿಗೆ ದವಾಖಾನಿಯಿಂದ ಫೋನ್ ಬಂದಿತ್ರಿ ವೈನಿ.”

ಕಾಗದ ಅರ್ಧಕ್ಕೆ ನಿಂತಿತು. “ಏನಂತ?”

“ಬಾ ಅಂತ. ಆಕಿ ಹೋಗಂಗಿಲ್ಲ. ನಾ ಏನೂ ಕೊಟ್ಟಿಲ್ಲ ಅಂತಾಳ.”

“ವಯಸ್ಸಾತು. ಮರ್ತಿರಬೇಕು.”

“ಮರಿಯೋ ಅಂಥಾ ಕೆಲಸ ಏನ್ರಿ ಅದು?”

ಮಾಮೂಲಿನಂತಾಗಿದ್ದರೆ ತ್ರಿಶಲಾ ನಗುತ್ತಿದ್ದಳು. ಮಡಚಿದ ಪೊಟ್ಟಣವನ್ನು ಬಿಚ್ಚಿ ಮತ್ತೆ ಮಡಚಿದಳು.

“ಯಾರದಂತ ನಾ ಕೇಳಾಕ ಬಂದಿಲ್ರಿ,” ಎಂದಳು ಶೇವಂತಾ, ತಕ್ಕಡಿಯಿಂದ ಕಣ್ಣು ತೆಗೆಯದೆ. “ಶುಕ್ರವಾರ ಹೋಗದಿದ್ರ ಒಬ್ಬಾಕಿ ಹೆಣ್ಣುಮಗಳ ಜೀವಕ್ಕ ತ್ರಾಸ ಐತಿ. ಅದರ ಸಂಕಟ ನನಗ.”

“ನಿನ್ನ ಕೆಲಸ ನೀ ಮಾಡು, ಶೇವಂತಾ.”

ಮಾತು ತಣ್ಣಗಿತ್ತು. ಶೇವಂತಾ ಎದ್ದಳು. ಹೊಸ್ತಿಲಿಗೆ ಬಂದಾಗ ಹಿಂದಿನಿಂದ ತ್ರಿಶಲಾಳ ದನಿ ಬಂತು, ಬೇರೆಯದೇ ದನಿ. “ಅದು... ಎಂಥಾವರಿಗೆ ಬರತೈತಿ ಅದು? ನಡತಿ ಸುಮಾರ ಇದ್ದವರಿಗೇನು?”

ಶೇವಂತಾ ಹೊರಳಿ ನೋಡಿದಳು. ಆ ಹೆಣ್ಣುಮಗಳ ಕಣ್ಣಿನಲ್ಲಿ ಇದ್ದದ್ದು ರೋಗದ ಹೆದರಿಕೆಯಲ್ಲ, ಜನ ಏನಂದಾರೆಂಬ ಹೆದರಿಕೆ. ಊಹೆ ಸರಿಯೆಂದು ಗೊತ್ತಾಯಿತು. ಬೀಗ ಎಲ್ಲಿದೆ ಎಂಬುದೂ ಗೊತ್ತಾಯಿತು. ಕೀಲಿ ತನ್ನ ಹತ್ತಿರ ಇಲ್ಲ. “ನನಗ ಅಷ್ಟು ತಿಳಿಯಂಗಿಲ್ರಿ ವೈನಿ. ತಿಳಿದಾಕಿನ್ನ ಕರಕೊಂಡು ಬರ್ತೇನಿ,” ಎಂದಳು.

ಗುರುವಾರ ಬೆಳಿಗ್ಗೆ ಸಪನಾ ರಜೆ ಹಾಕಿ ಬಂದಳು. ಶೆಡ್ಡಿನ ಹೆಣ್ಣುಮಕ್ಕಳಿಗೆ ಈ ರೋಗದ ಬಗ್ಗೆ ಹೇಳುವುದಿದೆ, ಮೊದಲು ವೈನಿಯ ಮುಂದೆ ಹೇಳಿ ನೋಡುತ್ತೇನೆ, ತಿಳಿಯದಿದ್ದಲ್ಲಿ ತಿದ್ದಲಿ, ಎಂದು ನೆಪ. ಮಹಾವೀರ ಪಡಸಾಲೆಯ ಮೂಲೆಯಲ್ಲಿ ಪೇಪರು ಓದುತ್ತಿದ್ದ. ಏಳು ಎಂದು ಯಾರೂ ಹೇಳಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದವನು ಮೂಲೆಯಲ್ಲಿದ್ದರೆ ತೊಂದರೆ ಇಲ್ಲವೆಂದು ಹೆಂಗಸರು ಎಣಿಸಿದರು.

ಸಪನಾ ನೆಲದ ಮೇಲೆ ಐದಾರು ತಾಟು ಇಟ್ಟು, ಒಂದೊಂದರಲ್ಲಿ ನಾಲ್ಕು ಕಾಳು ಒಣದ್ರಾಕ್ಷಿ ಹಾಕಿದಳು.

“ಮೈಯಾಗ ಲೆಕ್ಕ ಇಲ್ಲದಷ್ಟು ಜೀವಕೋಶ ಅದಾವ್ರಿ ವೈನಿ. ಒಂದೊಂದೂ ಒಂದೊಂದು ಅಂಗಡಿ ಅನ್ರಿ. ಒಳಗ ಏನೇನು ತಯಾರ ಮಾಡಾಕತ್ತಾವೋ, ಅದರ ಸಣ್ಣ ಸಣ್ಣ ಚೂರು ಹೊರಗ ಗ್ವಾಡಿ ಮ್ಯಾಲ ಇಡ್ತಾವ. ಹಗಲು ರಾತ್ರಿ ಇಟ್ಟs ಇರ್ತಾವ.”

“ಸ್ಯಾಂಪಲ್,” ಎಂದಿತು ಪೇಪರಿನ ಹಿಂದಿನ ದನಿ.

“ಹೌದ್ರಿ ಅಣ್ಣಾರ, ಸ್ಯಾಂಪಲ್. ಇನ್ನ ರಕ್ತದಾಗ ಟಿ ಕೋಶ ಅಂತ ಕಾವಲಿನವು ಅದಾವ. ಅವು ಒಳಗ ಹೊಕ್ಕು ನೋಡಂಗಿಲ್ಲ. ಅಂಗಡಿಯಿಂದ ಅಂಗಡಿಗೆ ಹೋಗಿ ತಾಟು ಮುಟ್ಟಿ ಮುಟ್ಟಿ ನೋಡ್ತಾವ. ನಮ್ಮದs ಮಾಲು ಇತ್ತಂದ್ರ ಮುಂದ ಹೋಗ್ತಾವ. ಯಾವುದರ ಕೋಶದಾಗ ವೈರಸ್ಸು ಹೊಕ್ಕಿತ್ತಂದ್ರ, ಆ ಕೋಶ ವೈರಸ್ಸಿನ ಸಾಮಾನೂ ತಯಾರ ಮಾಡ್ತೈತಿ, ಅದರ ಚೂರೂ ತಾಟಿಗೆ ಬರ್ತೈತಿ.” ಸಪನಾ ಒಂದು ತಾಟಿನಲ್ಲಿ ಒಂದು ಕಡಲೆಕಾಳು ಹಾಕಿದಳು. “ಇದನ್ನ ಗುರುತು ಹಿಡಿಯೋ ಟಿ ಕೋಶ ಬಂದು ಮುಟ್ಟತು ಅಂದ್ರ, ಅಂಗಡಿನs ಮುಚ್ಚಿಸಿಬಿಡ್ತೈತಿ.”

“ಎಲ್ಲಾ ಟಿ ಕೋಶಕ್ಕೂ ಗುರುತು ಸಿಗತೈತೇನು?” ಪೇಪರು ಕೆಳಗಿಳಿಯಿತು.

“ಇಲ್ರಿ. ಒಂದೊಂದಕ್ಕ ಒಂದೊಂದು ಗುರುತು. ಕಡಲಿ ಹಿಡಿಯೋದು ಕಡಲಿ ಅಷ್ಟs ಹಿಡೀತೈತಿ, ಶೇಂಗಾ ಬಂದ್ರ ಸುಮ್ಮ ಹೋಗ್ತೈತಿ. ಅದಕ್ಕs ಕೋಟಿ ಕೋಟಿ ಥರಾ ಮಾಡಿ ಇಟ್ಟಿರತೈತಿ ಮೈ. ಎದಿಯೊಳಗ ಒಂದು ಗ್ರಂಥಿ ಐತಿ, ನಾವು ಸಣ್ಣವರಿದ್ದಾಗ ಅಲ್ಲಿ ಅವಕ್ಕ ಸಾಲಿ. ನಮ್ಮ ಮಾಲಿನ ಮ್ಯಾಲs ಕೈ ಮಾಡೋವನ್ನ ಅಲ್ಲೇ ತಗದು ಒಗೀತಾರ.”

“ನಮ್ಮ ಶೆಡ್ಡಿನ್ಯಾಗೂ ಹಂಗs ಮಾಡಬೇಕಿತ್ತು,” ಎಂದ ಮಹಾವೀರ. “ಕಡ್ಡಿ ಬಿಟ್ಟು ಕಾಳು ಒಗಿಯೋರು ನಾಲ್ಕು ಮಂದಿ ಅದಾರ.”

“ಮೂರು ಮಂದಿ,” ಎಂದಳು ಶೇವಂತಾ. “ನಾಲ್ಕನೇದವರು ನೀವು.”

ತ್ರಿಶಲಾ ನಗಲಿಲ್ಲ. ಕಣ್ಣು ಕಡಲೆಕಾಳಿನ ತಾಟಿನ ಮೇಲಿತ್ತು. “ಈ ವೈರಸ್ಸು ಯಾರಿಗೆ ಬರತೈತಿ?”

“ಯಾರಿಗೆ ಅಲ್ರಿ ವೈನಿ, ಯಾರಿಗೆ ಇಲ್ಲ ಅಂತ ಕೇಳ್ರಿ.” ಸಪನಾಳ ದನಿ ಮೆತ್ತಗಾಯಿತು. “ಲಗ್ನ ಆಗಿ ಸಂಸಾರ ಮಾಡಿದವರೊಳಗ ಮುಕ್ಕಾಲು ಮಂದಿಗೆ ಒಮ್ಮೆರ ಬಂದು ಹೋಗಿರತೈತಿ, ಗಂಡಸರಿಗೂ. ಮೂವತ್ತು ವರ್ಷದ ಹಿಂದ ಹೊಕ್ಕಿದ್ದೂ ಇರಬಹುದು, ಗಂಡನ ಕಡಿಂದ ಬಂದಿದ್ದೂ ಇರಬಹುದು, ಅವರಿಗೂ ಗೊತ್ತಿರಂಗಿಲ್ಲ. ನಡತಿ ನೋಡಿ ಬರೋ ರೋಗ ಅಲ್ರಿ ಇದು. ಬಹಳ ಮಂದಿಗೆ ಒಂದೆರಡು ವರ್ಷದಾಗ ಟಿ ಕೋಶಾನs ಅದನ್ನ ಆರಿಸಿ ಒಗೀತಾವ.”

“ಕೆಲವರಿಗೆ?”

“ಕೆಲವರಿಗೆ ಈ ವೈರಸ್ಸು ಕೋಶದ ಬುದ್ಧಿ ಕೆಡಿಸ್ತೈತಿ. ಬೆಳೀ ಬೆಳೀ ಅಂತ ಹುಚ್ಚು ಹಿಡಿಸ್ತೈತಿ. ಅದs ಮುಂದ ಗಡ್ಡಿ. ಮಜಾ ನೋಡ್ರಿ, ಆ ಹುಚ್ಚು ಹಿಡಿಸೋ ಸಾಮಾನು ವೈರಸ್ಸಿನದs. ಅದನ್ನ ಹೊರಗ ಒಗದ್ರ ಗಡ್ಡಿ ಬೆಳಿಯಂಗಿಲ್ಲ, ಇಟ್ಟುಕೊಂಡ್ರ ತಾಟಿಗೆ ಬಂದು ಸಿಕ್ಕಿಬೀಳ್ತೈತಿ.”

“ಹಂಗಾರ ಸಿಗಲೇಬೇಕಲ್ಲ!” ಮಹಾವೀರ ಪೇಪರು ಪೂರ್ತಿ ಬಿಟ್ಟಿದ್ದ.

“ಸಿಗಬೇಕು. ಅದಕ್ಕs ಅದು ತಾಟನs ಒಳಗ ಎಳಕೋತೈತಿ.” ಸಪನಾ ಕಡಲೆಕಾಳಿನ ತಾಟನ್ನು ಬೋರಲು ಹಾಕಿದಳು. “ಹೊರಗ ನೋಡಿದ್ರ ಏನೂ ಇಲ್ಲ. ಟಿ ಕೋಶ ಬರ್ತೈತಿ, ಮುಟ್ಟಾಕ ಏನೂ ಸಿಗಂಗಿಲ್ಲ, ಮುಂದ ಹೋಗ್ತೈತಿ.”

“ಸ್ಯಾಂಪಲ್ಲs ಇಡದ ಅಂಗಡಿ ಮ್ಯಾಲ ನನಗ ಮೊದಲ ಸಂಶೆ ಬರತೈತಿ.”

“ಮೈಗೂ ಬರ್ತೈತ್ರಿ. ಖಾಲಿ ಗ್ವಾಡಿ ಕಂಡ್ರ ಹೊಡಿಯೋ ಬ್ಯಾರೆ ಕಾವಲಿನವು ಅದಾವ. ಆದ್ರ ಈ ಗಡ್ಡಿ ಶಾಣ್ಯಾ. ಎಲ್ಲಾ ತಾಟು ತಗಿಯಂಗಿಲ್ಲ, ಒಂದೆರಡು ತೋರಿಕಿಗೆ ಇಟ್ಟಿರತೈತಿ.” ಸಪನಾ ತ್ರಿಶಲಾಳ ಕಡೆ ನೋಡದೇ ತಾಟು ಸರಿಮಾಡಿದಳು. “ಅಂಥಾದ್ದು ಮೈಗೆ ಗುರುತು ಸಿಗಲಿಲ್ಲ ಅಂದ್ರ ಹೊರಗಿನವರು ಹಿಡಿಯಬೇಕ್ರಿ. ಲಗೂನ ಸಿಕ್ರ ಒಂದು ತುಣುಕು ತಗದ್ರ ಮುಗೀತು. ಮುಚ್ಚಿಟ್ರ ನಮ್ಮ ಡಾಕ್ಟರಬಾಯಿನೂ ಏನೂ ಮಾಡಾಕ ಬರಂಗಿಲ್ಲ.”

ಶೇವಂತಾ ಹಲ್ಲು ಕಚ್ಚಿ ಕುಳಿತಿದ್ದಳು. ಆಡಬಹುದಾದ ಮಾತು ಅವಳ ಬಳಿ ಹತ್ತು ಇದ್ದವು, ಒಂದನ್ನೂ ಆಡಲಿಲ್ಲ. ತ್ರಿಶಲಾ ಕೈ ಚಾಚಿ ಬೋರಲಾದ ತಾಟನ್ನು ತಿರುಗಿಸಿ ಇಟ್ಟಳು. ಕೆಳಗಿದ್ದ ಕಡಲೆಕಾಳು ಉರುಳಿ ಹೊರಗೆ ಬಂತು.

“ಅಕ್ಕುತಾಯಿ ಹೆಸರಿನ ಮ್ಯಾಲ ಹೋಗಿದ್ದು ನಂದು,” ಎಂದಳು.

“ಯಾವ ಮಾಲು?” ಎಂದ ಮಹಾವೀರ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅದಕ್ಕಿಂತ ಪೆದ್ದು ಪ್ರಶ್ನೆ ಅವನು ಕೇಳಿಲ್ಲ.

“ಮಾಲಲ್ಲ. ನಂದು. ಆರು ತಿಂಗಳಾತು, ನಿಂತಿದ್ದ ಮುಟ್ಟು ನಡನಡುವ ಕಾಣಾಕತ್ತೈತಿ. ಯಾರ ಮುಂದ ಹೇಳಲಿ? ನಿಮ್ಮ ಮುಂದ ಹೇಳಿದ್ರ ಏನಂತೀರಿ ಅಂತ...”

ಮಹಾವೀರ ಎದ್ದು ಬಂದ. ಹೆಂಡತಿಯ ಪಕ್ಕ ನೆಲಕ್ಕೆ ಕುಳಿತ. ಒಂದು ಮಂಡಿ ತಾಟಿನ ಮೇಲೆ ಬಿತ್ತು. ತಾಟು ಸದ್ದು ಮಾಡಿತು. ಶೇವಂತಾ ಮಗಳ ಕೈ ಹಿಡಿದು ಎಬ್ಬಿಸಿ, “ನಡಿ, ಅಡಿಗಿ ಮನ್ಯಾಗ ಚಾ ಇಡೂಣು,” ಎಂದು ಒಳಗೆ ಕರೆದೊಯ್ದಳು. ಚಹಾ ಬರಲಿಕ್ಕೆ ಅರ್ಧ ತಾಸು ಹಿಡಿಯಿತು. ನಾಲ್ಕು ಕಪ್ಪು ಚಹಕ್ಕೆ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಶುಕ್ರವಾರ ವಿಶ್ವಾಸನ ಟೆಂಪೋದಲ್ಲಿ ಮಿರಜಿಗೆ ಹೋದರು. ಕಾರಿನಲ್ಲಿ ಹೋದರೆ ಊರೆಲ್ಲ ಯಾಕೆ ಎಂದು ಕೇಳುತ್ತದೆ, ಟೆಂಪೋ ಹೋದರೆ ಮಾಲು ಹೋಯಿತು ಅನ್ನುತ್ತಾರೆ. ಇದು ಶೇವಂತಾಳ ಯೋಜನೆ. ತ್ರಿಶಲಾ ಮುಂದೆ, ಶೇವಂತಾ ಅವಳ ಪಕ್ಕ, ಒಣದ್ರಾಕ್ಷಿ ವ್ಯಾಪಾರಿ ಹಿಂದೆ ಖಾಲಿ ಬಾಕ್ಸುಗಳ ಜೊತೆ. ದವಾಖಾನೆಯ ಕಿಟಕಿಯಲ್ಲಿ ಸಪನಾ ಮೊದಲು ಮಾಡಿದ ಕೆಲಸ ದಾಖಲೆಯಲ್ಲಿ ಅಕ್ಕುತಾಯಿಯ ಹೆಸರು ತಿದ್ದಿಸಿದ್ದು. ಹೆಸರು ಕೇಳಿದಾಗ ತ್ರಿಶಲಾ ತನ್ನ ಪೂರ್ತಿ ಹೆಸರನ್ನು, ಗಂಡನ ಹೆಸರನ್ನು, ಊರನ್ನು, ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳಿದಳು.

ಡಾಕ್ಟರಬಾಯಿ ದೊಡ್ಡದು ಮಾಡಿ ತೋರಿಸುವ ದುರ್ಬೀನಿನಲ್ಲಿ ನೋಡಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು: ಕೋಶಗಳು ಬಹಳಷ್ಟು ಕೆಟ್ಟಿವೆ, ಕ್ಯಾನ್ಸರಿನ ಗೆರೆಯ ಅಂಚಿಗೆ ಬಂದಿವೆ, ಇನ್ನೂ ದಾಟಿಲ್ಲ. ಮುಂದಿನ ತಿಂಗಳು ಡಾಕ್ಟರಬಾಯಿ ಬಂದಾಗ ಕೆಟ್ಟ ಭಾಗವನ್ನು ಬಿಸಿ ತಂತಿಯಿಂದ ಕತ್ತರಿಸಿ ತೆಗೆದರು. ಸಂಜೆಗೆ ತ್ರಿಶಲಾ ಮನೆಗೆ ಬಂದಳು. ತೆಗೆದ ತುಣುಕಿನ ಅಂಚುಗಳೆಲ್ಲ ಶುದ್ಧವಿವೆ ಎಂದು ಆಮೇಲೆ ಹೇಳಿದರು. ಎರಡು ವರ್ಷ ತಡಮಾಡಿದ್ದರೆ ಏನಾಗುತ್ತಿತ್ತು ಎಂದು ಮಹಾವೀರ ಕೇಳಿದಾಗ ಆ ಡಾಕ್ಟರಬಾಯಿ ಮುಂದಿನ ತಾರೀಖು ಬರೆದು ಕೊಟ್ಟರು.

ಆ ತಾರೀಖುಗಳೂ ಮುಗಿದವು. ಮೊನ್ನೆ ವರ್ಷದ ಪರೀಕ್ಷೆಯಲ್ಲಿ ವೈರಸ್ಸು ಸಿಗಲಿಲ್ಲ. ಕೆಟ್ಟದ್ದನ್ನು ತೆಗೆದ ಮೇಲೆ ಉಳಿದ ಚಿಲ್ಲರೆಯನ್ನು ಬಹಳ ಮಂದಿಯಲ್ಲಿ ಟಿ ಕೋಶಗಳೇ ಹುಡುಕಿ ಮುಗಿಸುತ್ತವೆಯಂತೆ. “ಅವಕ್ಕ ಈಗ ಗುರುತು ಸಿಕ್ಕೈತ್ರಿ ವೈನಿ,” ಎಂದಳು ಸಪನಾ. ಹಾಗೆಂದು ತಪಾಸಣೆ ಬಿಡುವ ಹಾಗಿಲ್ಲ, ವರ್ಷಕ್ಕೊಮ್ಮೆ ಹೋಗಬೇಕು. ಹೋಗುತ್ತಾರೆ, ಈಗ ಕಾರಿನಲ್ಲೇ.

ಅಕ್ಕುತಾಯಿಗೆ ತ್ರಿಶಲಾ ಎಲ್ಲ ಹೇಳಿ ಕೈಮುಗಿದಳು. ಆಕೆ ಕೈ ಬಿಡಿಸಿ, “ನನ್ನ ಹೆಸರಿನ ಮ್ಯಾಲ ರೋಗ ಕಳಿಸೀರಿ, ಮುಂದಿನ ಸಲ ಬಂಗಾರ ಕಳಿಸ್ರಿ,” ಎಂದು ಕಸಬರಿಗೆ ಎತ್ತಿಕೊಂಡಳು. ಅವಳಿಗೂ ಹೊಸ ನಳಿಗೆ ಕೊಟ್ಟು ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಅದನ್ನು ಅವಳು ಶೆಡ್ಡಿನಲ್ಲಿ ಒಂದು ವಾರ ಹೇಳಿಕೊಂಡು ತಿರುಗಿದಳು.

ಶೇವಂತಾ ಮಾತ್ರ ಶೆಡ್ಡಿನಲ್ಲಿ ತ್ರಿಶಲಾಳ ಸುದ್ದಿ ಎತ್ತಲೇ ಇಲ್ಲ. ಇಷ್ಟು ಮಾತಿನ ಹೆಣ್ಣುಮಗಳು ಒಂದು ವರ್ಷ ಒಂದು ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಸಣ್ಣ ಕೆಲಸವಲ್ಲ. ಇಲ್ಲಿ ಬರೆಯಲು ಸಾಧ್ಯವಾದದ್ದೂ ತ್ರಿಶಲಾ ತಾನೇ, “ಹೆಸರು ಹಾಕಿ ಬರೀರಿ, ನಾಲ್ಕು ಮಂದಿ ಹೆಂಗಸರು ಓದಲಿ,” ಎಂದದ್ದರಿಂದ. ಮಹಾವೀರ ಒಂದು ರೇಷ್ಮೆ ಸೀರೆ ಹಿಡಿದುಕೊಂಡು ಶಿರಗುಪ್ಪಿಗೆ ಹೋಗಿದ್ದ. ಶೇವಂತಾ ಸೀರೆಯ ಅಂಚು ಉಗುರಿನಲ್ಲಿ ಎಳೆದು ನೋಡಿದಳು.

“ಅಣ್ಣಾರ, ಇದು ರೇಷ್ಮಿ ಅಲ್ರಿ. ಯಾವ ಅಂಗಡ್ಯಾಗ ತಗೊಂಡ್ರಿ?”

“ಚಿಕ್ಕೋಡ್ಯಾಗ. ಅಸಲಿ ಅಂತ ಹೇಳಿ ಕೊಟ್ಟಾನ!”

“ಸ್ಯಾಂಪಲ್ ನೋಡಿ ತಂದೀರಿ,” ಎಂದು ನಕ್ಕಳು. “ವಾಪಸ್ ಕೊಟ್ಟ ಬರ್ರಿ. ನಂಗೇನೂ ಬ್ಯಾಡ. ವರ್ಷಾ ತಪಾಸಣಿ ದಿನ ಶೆಡ್ಡು ಬಂದ್ ಇಡ್ರಿ, ಎಲ್ಲಾರೂ ಹೋಗಿ ಬರ್ಲಿ. ವೈನೀನs ಮುಂದ ನಿಂದ್ರಲಿ.”

ಈ ಮಾರ್ಚಿನಲ್ಲಿ ಶೆಡ್ಡು ಒಂದು ದಿನ ಮುಚ್ಚಿತ್ತು. ಮೊದಲ ನಳಿಗೆ ತ್ರಿಶಲಾಳದು.

ತ್ರಿಶಲಾ ಈಗ ಚೆನ್ನಾಗಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಹಿತ್ತಲಲ್ಲಿ ನಿಂತು, ಮಹಾವೀರ ನಲ್ಲಿ ಬಂದ್ ಮಾಡಿಲ್ಲವೆಂದು ಬೈಯುತ್ತಿದ್ದಾಳೆ. ಅವಳು ಹೀಗೆ ಬೈಯುತ್ತ ಇರುವುದು ಶೇವಂತಾಳಿಂದ. ಹೆಂಡತಿಯ ಜೀವಕ್ಕೆ ನಾನು ಶೇವಂತಾಳಿಗೆ ಋಣಿ.